ಹನ್ನೊಂದು ವರ್ಷದ ಮಗನಿಗೆ ಗೀಳು ಕಾಯಿಲೆ, ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಶುರು ಮಾಡಿದವರು ಯಾರಾದರೂ ಇದ್ದೀರಾ?

ಡೊಂಬಿವ್ಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರ ಕಡೆ, ಮದುವೆಯಾದ ಮೇಲೆ ಡೊಂಬಿವ್ಲಿಯಲ್ಲೇ ಇದ್ದೇವೆ. ಮಗ ಆರನೇ ಕ್ಲಾಸು. ಕಳೆದ ಮಳೆಗಾಲದಿಂದ ಕೈ ತೊಳೆಯುವುದು ಶುರುವಾಯಿತು. ಮೊದಲು ಒಳ್ಳೆ ಅಭ್ಯಾಸವೇ ಅಲ್ವಾ ಅಂತ ಸುಮ್ಮನಿದ್ದೆವು. ಈಗ ಬೆರಳ ಸಂದಿಯಲ್ಲಿ ಚರ್ಮ ಒಡೆದು ರಕ್ತ ಬರುತ್ತದೆ, ಆದರೂ ನಿಲ್ಲಿಸುವುದಿಲ್ಲ. ಇವರು ಲೋಕಲ್‌ನಿಂದ ಇಳಿದು ಬಂದರೆ ಬಾಗಿಲಲ್ಲೇ ಬಟ್ಟೆ ಬದಲಾಯಿಸಬೇಕು, ಇಲ್ಲದಿದ್ದರೆ ಅಳು, ಕೂಗಾಟ. ರಾತ್ರಿ ಗ್ಯಾಸ್, ಬಾಗಿಲು, ಬಾಲ್ಕನಿ ಚಿಲಕ ನೋಡಿ ಬರುತ್ತಾನೆ. ಮಲಗಿದವನು ಮತ್ತೆ ಎದ್ದು ನೋಡುತ್ತಾನೆ. ಆಮೇಲೆ "ಅಮ್ಮಾ, ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಾನೆ. "ಇಲ್ಲ ಮಗಾ" ಅಂದರೆ ಸಾಲದು. ಅವನ ಮುಖ ನೋಡಿಕೊಂಡೇ, ಅವನಿಗೆ ಬೇಕಾದ ಸ್ವರದಲ್ಲೇ ಹೇಳಬೇಕು. ಸ್ವರ ಸ್ವಲ್ಪ ಆಚೀಚೆ ಆದರೆ ಮತ್ತೆ ಮೊದಲಿಂದ.

ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಓಸಿಡಿ ಅಂದರು. ಸರ್ಟ್ರಾಲಿನ್ 25 ಎಂಜಿ ಬರೆದಿದ್ದಾರೆ, ಜೊತೆಗೆ ವಾರಕ್ಕೊಂದು ಥೆರಪಿ. ಚೀಟಿ ಮನೆಯಲ್ಲೇ ಇದೆ, ಮಾತ್ರೆ ತಂದಿಲ್ಲ. ಅತ್ತೆ "ಮಗುವಿಗೆ ಹುಚ್ಚಿನ ಮಾತ್ರೆ ಕೊಡಬೇಡ" ಅನ್ನುತ್ತಾರೆ. ಇವರು ವಾರ್ಷಿಕ ಪರೀಕ್ಷೆ ಮುಗಿಯಲಿ ಅನ್ನುತ್ತಾರೆ. ನಾನು ಮೊಬೈಲ್‌ನಲ್ಲಿ ಓದಿದರೆ, ಈ ಮಾತ್ರೆಯಿಂದ ಮಕ್ಕಳಲ್ಲಿ ಆತ್ಮಹತ್ಯೆ ಯೋಚನೆ ಬರಬಹುದು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಅದನ್ನು ಓದಿದ ಮೇಲೆ ನಿದ್ದೆ ಬಂದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕೊತ್ರೂಡ್ ಅಪ್ಪ

ಅಕ್ಕಾರ, ನಾನು ಧಾರವಾಡದವನು, ಈಗ ಪುಣೆಯಲ್ಲಿ. ನನ್ನ ಮಗ ಹತ್ತನೇ ಕ್ಲಾಸಿನಲ್ಲಿ ಇದ್ದಾನೆ. ಅವನಿಗೂ ನಿಮ್ಮ ಮಗನ ವಯಸ್ಸಿನಲ್ಲೇ ಶುರುವಾಗಿದ್ದು, ಮಾತ್ರೆಯೂ ಇದೇ. ನಾನು ಡಾಕ್ಟರ್ ಅಲ್ಲ. ಓದಿದ್ದು, ಕೇಳಿ ತಿಳಿದದ್ದು, ಮನೆಯಲ್ಲಿ ನೋಡಿದ್ದು ಅಷ್ಟೇ ಬರೆಯುತ್ತೇನೆ.

ಮೊದಲು ಆ ದಪ್ಪ ಅಕ್ಷರದ ವಿಷಯ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿದ್ದು ಅದೇ. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಹಾಕಿಸಿದ ಎಚ್ಚರಿಕೆ ಅದು. ಆಗ ಅವರು 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು, ಅದರಲ್ಲಿ 4,400ಕ್ಕೂ ಹೆಚ್ಚು ಮಕ್ಕಳು, ಹದಿಹರೆಯದವರು ಇದ್ದರು. ಈ ಜಾತಿಯ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿ ಅಂಥ ಯೋಚನೆ ಅಥವಾ ವರ್ತನೆ ಕಂಡಿತು. ಬರೀ ಸಕ್ಕರೆ ಗುಳಿಗೆ ತೆಗೆದುಕೊಂಡವರಲ್ಲಿ 2 ಮಂದಿಯಲ್ಲಿ. ಆ ಪ್ರಯೋಗಗಳಲ್ಲಿ ಯಾರೂ ಪ್ರಾಣ ಕಳೆದುಕೊಂಡಿರಲಿಲ್ಲ. ಹಾಗಂತ ಇದನ್ನು ಹಗುರವಾಗಿ ತಗೋಬೇಡಿ. ಶುರುವಿನ ವಾರಗಳಲ್ಲಿ, ಡೋಸ್ ಹೆಚ್ಚಿಸಿದಾಗ, ಕಡಿಮೆ ಮಾಡಿದಾಗ ಮಗುವಿನ ಮೇಲೆ ಕಣ್ಣು ಇರಬೇಕು ಅಂತ ಅದರ ಅರ್ಥ. ಮಾತ್ರೆ ಕೊಡಲೇಬಾರದು ಅಂತ ಅಲ್ಲ. ಗೀಳಿಗೆ ಅಂತಲೇ ಸರ್ಟ್ರಾಲಿನ್ ಅನ್ನು ಆರು ವರ್ಷದ ಮೇಲಿನ ಮಕ್ಕಳಿಗೆ ಕೊಡಬಹುದು ಅಂತ ಒಪ್ಪಿಗೆ ಕೊಟ್ಟದ್ದೂ ಅದೇ ಇಲಾಖೆ. ಇದೇ ಜಾತಿಯ ಬೇರೆ ಮಾತ್ರೆಗಳಾದ ಫ್ಲುಯೊಕ್ಸೆಟಿನ್‌ಗೆ ಏಳು ವರ್ಷ, ಫ್ಲುವೊಕ್ಸಮಿನ್‌ಗೆ ಎಂಟು.

ಇನ್ನು ಪರೀಕ್ಷೆ ಮುಗಿಯಲಿ ಅನ್ನುವುದು. ಇದರಲ್ಲಿ ಒಂದು ತೊಡಕು ಇದೆ ನೋಡ್ರಿ. ಗೀಳಿಗೆ ಈ ಮಾತ್ರೆ ನಿಧಾನ. ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಬೇಕು, ಅದೂ ಸರಿಯಾದ ಡೋಸ್‌ಗೆ ಬಂದ ಮೇಲೆ. 25ರಲ್ಲಿ ಶುರು ಮಾಡುವುದು ಹೊಟ್ಟೆ, ತಲೆ ಒಗ್ಗಿಕೊಳ್ಳಲಿ ಅಂತ. ಆಮೇಲೆ ಹಂತ ಹಂತವಾಗಿ ಏರಿಸುತ್ತಾರೆ. ಡೋಸ್ ಏರಿಸಿದರೆ ಕಾಯಿಲೆ ಜಾಸ್ತಿಯಾಯಿತು ಅಂತ ಗಾಬರಿ ಬೀಳಬೇಡಿ. ಡಿಪ್ರೆಶನ್‌ಗಿಂತ ಗೀಳಿಗೆ ಜಾಸ್ತಿ ಡೋಸ್ ಬೇಕಾಗುವುದು ಸಾಮಾನ್ಯ. ಪರೀಕ್ಷೆ ಆದ ಮೇಲೆ ಶುರು ಮಾಡಿದರೆ ಮುಂದಿನ ವರ್ಷದ ಮೊದಲ ಪರೀಕ್ಷೆಯೂ ಹತ್ತಿರ ಬಂದಿರುತ್ತದೆ. ಅಲ್ಲದೆ ಈಗಲೇ ಬರೆದದ್ದನ್ನು ಅಳಿಸಿ ಮತ್ತೆ ಬರೆಯುವುದು, ಓದಿದ ಸಾಲನ್ನೇ ಮತ್ತೆ ಓದುವುದು ಇದ್ದರೆ ಪರೀಕ್ಷೆಯ ಸಮಯ ಅದೇ ತಿಂದುಹಾಕುತ್ತದೆ.

ಆದರೆ ಅಕ್ಕಾರ, ನಿಮ್ಮ ಬರಹದಲ್ಲಿ ನನಗೆ ಮುಖ್ಯ ಅನಿಸಿದ್ದು ಮಾತ್ರೆ ಅಲ್ಲ. "ಅವನಿಗೆ ಬೇಕಾದ ಸ್ವರದಲ್ಲೇ ಹೇಳಬೇಕು" ಅಂದಿರಲ್ಲ, ಅದು. ಮನೆಯವರು ಬಾಗಿಲಲ್ಲಿ ಬಟ್ಟೆ ಬದಲಿಸುವುದು, ಕೇಳಿದಷ್ಟು ಸಲ ಧೈರ್ಯ ಹೇಳುವುದು, ಇವೆಲ್ಲ ಪ್ರೀತಿಯಿಂದ ಮಾಡುವುದೇ. ಪ್ರತಿ ಮನೆಯಲ್ಲೂ ನಡೆಯುತ್ತದೆ. ಆದರೆ ಆ ಉತ್ತರ ಸಿಕ್ಕ ಕೂಡಲೇ ಮಗುವಿನ ಹೆದರಿಕೆ ಇಳಿಯುತ್ತದೆ. ಹೆದರಿಕೆ ತಾನಾಗಿ ಇಳಿಯುತ್ತದೆ ಅನ್ನುವುದು ಅವನಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ನಾಳೆ ಮತ್ತೆ ಕೇಳುತ್ತಾನೆ. ಥೆರಪಿಯಲ್ಲಿ ಮಾಡುವುದು ಇದನ್ನೇ ತಿರುಗಿಸುವುದು. ಹೆದರಿಕೆ ಹುಟ್ಟಿಸುವ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಎದುರಿಸಬೇಕು, ಆಮೇಲೆ ತೊಳೆಯದೆ, ನೋಡದೆ, ಕೇಳದೆ ಇರಬೇಕು. ಇಆರ್‌ಪಿ ಅನ್ನುತ್ತಾರೆ.

ನನ್ನ ಮಗ ಗೀಳಿಗೆ ಟೀಸಿ ಅಂತ ಹೆಸರಿಟ್ಟಿದ್ದ. ಟಿಕೆಟ್ ತೋರಿಸಿ ಆಗಿದೆ, ಆದರೂ ಅದೇ ಟೀಸಿ ಮತ್ತೆ ಬಂದು "ಟಿಕೆಟ್ ದಾಖವಾ" ಅಂತಾನೆ ಅಂತ. ಥೆರಪಿಸ್ಟ್ ಮೇಡಂ ಅದನ್ನೇ ಹಿಡಿದುಕೊಂಡರು. ಅವನು ಕೇಳಿದಾಗ ನಾವು "ಇದು ನೀನು ಕೇಳ್ತಾ ಇದ್ದೀಯೋ, ಟೀಸಿ ಕೇಳ್ತಾ ಇದ್ದಾನೋ?" ಅನ್ನುತ್ತಿದ್ದೆವು. ಅವನ ಮೇಲೆ ಸಿಟ್ಟು ಇಲ್ಲ, ಟೀಸಿಗೆ ಉತ್ತರವೂ ಇಲ್ಲ. ಒಂದೇ ದಿನಕ್ಕೆ ಎಲ್ಲ ಉತ್ತರ ನಿಲ್ಲಿಸಬೇಡಿ. ಯಾವುದನ್ನು ಮೊದಲು ನಿಲ್ಲಿಸುವುದು ಅಂತ ಥೆರಪಿಸ್ಟ್, ಮಗ, ನೀವು ಕೂತು ಗೊತ್ತು ಮಾಡಿ, ಅವನಿಗೆ ಮೊದಲೇ ಹೇಳಿ.

ಕಾಂದಿವ್ಲಿ ಮಾಮ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಮೆದುಳಿನ ಮೇಲೆ ಕೆಲಸ ಮಾಡುವ ಮಾತ್ರೆ ಅಂದರೆ ನನಗೆ ಸರಿ ಕಾಣುವುದಿಲ್ಲ. ಎರಡು ಕೋಣೆ ಮನೆ, ಟ್ಯೂಶನ್, ಮೊಬೈಲ್, ಆಡಲು ಜಾಗ ಇಲ್ಲ. ಮಕ್ಕಳಿಗೆ ತಲೆ ಕೆಡದೆ ಇನ್ನೇನು? ರಜೆಯಲ್ಲಿ ಎರಡು ತಿಂಗಳು ಊರಿಗೆ ಕಳಿಸಿ. ತೋಟ, ಹಟ್ಟಿ, ಕೆರೆ ಅಂತ ಓಡಾಡಲಿ. ಪ್ರಾಣಾಯಾಮ ಮಾಡಿಸಿ. ಮಾತ್ರೆ ಒಮ್ಮೆ ಶುರುವಾದರೆ ಜೀವನಪೂರ್ತಿ ಅದಕ್ಕೇ ಅಂಟಿಕೊಳ್ಳಬೇಕಾಗುತ್ತದೆ.

ಮಾತುಂಗ ಹುಡುಗಿ

ಮಾಮ, ಬೇಜಾರು ಮಾಡ್ಕೋಬೇಡಿ. ಆ ಊರಿಗೆ ಕಳಿಸಿದ ಮಗು ನಾನೇ.

ನನಗೆ ಈಗ ಇಪ್ಪತ್ತೆರಡು. ಹತ್ತನೇ ವಯಸ್ಸಿನಿಂದ ಗೀಳು ಇದೆ. ನನ್ನದು ಕೈ ತೊಳೆಯುವುದು ಅಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ದೇವರ ಮುಂದೆ ನಿಂತರೆ ತಲೆಯಲ್ಲಿ ಕೆಟ್ಟ ಬೈಗುಳ ಬರುತ್ತಿತ್ತು. ತರಕಾರಿ ಹೆಚ್ಚುವ ಚಾಕು ಕಂಡರೆ, ತಮ್ಮನಿಗೆ ಚುಚ್ಚಿಬಿಟ್ಟರೆ ಅನ್ನುವ ಯೋಚನೆ. ತಮ್ಮ ಅಂದರೆ ನನಗೆ ಪ್ರಾಣ. ಅದಕ್ಕೇ ಆ ಯೋಚನೆ ಬಂದರೆ ಅಷ್ಟು ಭಯ. ಅದನ್ನು ಕಳೆಯಲು ಮನಸ್ಸಿನಲ್ಲೇ ಸ್ತೋತ್ರ ಹೇಳುತ್ತಿದ್ದೆ. ನಡುವೆ ಒಂದು ಅಕ್ಷರ ತಪ್ಪಿದರೆ ಮೊದಲಿಂದ. ನೋಡುವವರಿಗೆ ಹುಡುಗಿ ಸುಮ್ನೆ ಕೂತಿದ್ದಾಳೆ, ಭಕ್ತಿ ಜಾಸ್ತಿ ಅಷ್ಟೇ.

ಊರಿಗೆ ಕಳಿಸಿದರು. ಮೊದಲ ಕೆಲವು ದಿನ ಆರಾಮ ಅನಿಸಿತು, ಜಾಗ ಹೊಸದಾದರೆ ಹಾಗೆ ಆಗುತ್ತದೆ. ಆಮೇಲೆ ಅಲ್ಲಿ ದೇವರ ಕೋಣೆ ಇನ್ನೂ ದೊಡ್ಡದು, ಅಡುಗೆಮನೆಯಲ್ಲಿ ಮೆಟ್ಟುಕತ್ತಿ. ನನ್ನ ಗೀಳು ನನ್ನ ಜೊತೆಗೇ ಮತ್ಸ್ಯಗಂಧ ರೈಲು ಹತ್ತಿ ಬಂದಿತ್ತು. ಊರು ಚೆಂದ, ಪ್ರಾಣಾಯಾಮವೂ ಒಳ್ಳೇದು, ಬೇಡ ಅನ್ನುವುದಿಲ್ಲ. ಆದರೆ ಅದು ಇದಕ್ಕೆ ಔಷಧಿ ಅಲ್ಲ.

ಮಾತ್ರೆ ತಗೊಂಡರೆ ಹೇಗೆ ಇರುತ್ತದೆ ಅಂತ ಯಾರೂ ಮಕ್ಕಳನ್ನು ಕೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಸರಿ ಬರುತ್ತಿರಲಿಲ್ಲ. ಮಂಕು ಹಿಡಿಯಲಿಲ್ಲ, ನಾನು ಬೇರೆ ಯಾರೋ ಆಗಲಿಲ್ಲ. ತುಂಬಾ ವಾರ ಏನೂ ಆಗುತ್ತಿಲ್ಲ ಅಂತಲೇ ಅನಿಸಿತು. ಆಮೇಲೆ ಒಂದು ದಿನ ಚಾಕುವಿನ ಯೋಚನೆ ಬಂತು, ನಾನು ಸ್ತೋತ್ರ ಹೇಳದೆ ಬಟಾಟೆ ಹೆಚ್ಚುತ್ತಲೇ ಇದ್ದೆ. ಹೇಳಿಲ್ಲ ಅನ್ನುವುದೇ ಆಮೇಲೆ ನೆನಪಾಯಿತು. ಯೋಚನೆ ಪೂರ್ತಿ ಹೋಗಲಿಲ್ಲ. ಅದು ಹೇಳಿದ ಹಾಗೆ ಕೇಳಲೇಬೇಕು ಅನ್ನುವ ಒತ್ತಾಯ ಹೋಯಿತು. ಥೆರಪಿಯಲ್ಲಿ ಕೊಟ್ಟ ಮನೆಕೆಲಸ ಮಾಡಲು ಧೈರ್ಯ ಬಂದದ್ದೇ ಆಮೇಲೆ.

ಡೊಂಬಿವ್ಲಿ ಅಕ್ಕಾ, ಮಗನಿಗೆ ಒಂದು ಮಾತು ಹೇಳಿಡಿ. ತಲೆಗೆ ಎಂಥ ಕೆಟ್ಟ ಯೋಚನೆ ಬಂದರೂ ಅಮ್ಮನ ಹತ್ತಿರ ಹೇಳಬಹುದು, ಯೋಚನೆ ಬಂದರೆ ಅದು ಮಾಡಿದ ಹಾಗೆ ಅಲ್ಲ ಅಂತ. ಕಾಣುವುದು ಕೈ ತೊಳೆಯುವುದು. ಒಳಗೆ ಇನ್ನೇನೋ ಇರಬಹುದು.

ಕಾಂದಿವ್ಲಿ ಮಾಮ

ಮಗಳೇ, ಓದಿದೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಎಷ್ಟು ಅನುಭವಿಸಿದ್ದೀಯಾ. ಮಾತ್ರೆ ಎಷ್ಟು ಕಾಲ ಅನ್ನುವ ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ.

ಮುಲುಂಡ್ ಮೆಡಿಕಲ್

ಮಾಮನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ಫಾರ್ಮಸಿಸ್ಟ್, ಅಂಗಡಿ ಇಟ್ಟು ಬಹಳ ವರ್ಷ ಆಯಿತು. ಈ ಮಾತ್ರೆಗೆ ಚಟ ಹಿಡಿಯುವುದಿಲ್ಲ. ದಿನ ಹೋದ ಹಾಗೆ ಇನ್ನೂ ಬೇಕು, ಇನ್ನೂ ಬೇಕು ಅನಿಸುವ ಔಷಧಿ ಇದಲ್ಲ. ಜನ ಇದನ್ನು ನಿದ್ದೆ ಮಾತ್ರೆ ಜೊತೆ ಸೇರಿಸಿ ಮಾತಾಡುತ್ತಾರೆ. ಕ್ಲೊನಜೆಪಾಮ್ ಥರದ್ದು ಬೇರೆ, ಇದು ಬೇರೆ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುತ್ತಾರೆ, ಆಮೇಲೆ ನಿಧಾನಕ್ಕೆ ಇಳಿಸಿ ನೋಡುತ್ತಾರೆ. ಕೆಲವರಿಗೆ ಮತ್ತೆ ಬೇಕಾಗುತ್ತದೆ, ಕೆಲವರಿಗೆ ಇಲ್ಲ.

ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ತಲೆಸುತ್ತು, ವಾಕರಿಕೆ, ಸಿಡುಕು, ತಲೆಯಲ್ಲಿ ಕರೆಂಟು ಹೊಡೆದ ಹಾಗೆ ಜುಂ ಅನ್ನುವುದು, ಇವೆಲ್ಲ ಬರಬಹುದು. ಫ್ಲುಯೊಕ್ಸೆಟಿನ್ ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ಅದರಲ್ಲಿ ಈ ತೊಂದರೆ ಕಡಿಮೆ. ಸರ್ಟ್ರಾಲಿನ್‌ನಲ್ಲಿ ಬರುತ್ತದೆ.

ಅಂಗಡಿಯಲ್ಲಿ ನಾನು ದಿನಾ ನೋಡುವ ಗೊಂದಲ ಹೇಳುತ್ತೇನೆ. ಒಂದೇ ಔಷಧಿಗೆ ಹತ್ತಾರು ಕಂಪನಿಯ ಹೆಸರು. ಒಂದು ಅಂಗಡಿಯಲ್ಲಿ ಇಲ್ಲ ಅಂದರೆ ಬೇರೆ ಹೆಸರಿನದ್ದು ಕೊಡುತ್ತಾರೆ. ಮನೆಗೆ ಹೋಗಿ ಹಳೆಯದೂ ಹೊಸದೂ ಎರಡೂ ಕೊಟ್ಟುಬಿಡುವವರು ಇದ್ದಾರೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು, ಎಂಜಿ ಇರುತ್ತದೆ. ಅದನ್ನೇ ನೋಡಿ. 25 ಮತ್ತು 50ರ ಪ್ಯಾಕು ನೋಡಲು ಒಂದೇ ಥರ ಇರುತ್ತದೆ. ಆಗುವ ಹಾಗಿದ್ದರೆ ಪ್ರತಿ ತಿಂಗಳೂ ಅದೇ ಅಂಗಡಿ, ಅದೇ ಕಂಪನಿ ಇಟ್ಟುಕೊಳ್ಳಿ. ಇದು ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಚೀಟಿ ಹಳೆಯದಾಗುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಹೊಸದು ಬರೆಸಿ. ಮಳೆಗಾಲದಲ್ಲಿ ಟ್ರೈನ್ ನಿಂತು ಮಾಲು ಬರುವುದು ತಡವಾಗುವುದು ಮುಂಬೈಯಲ್ಲಿ ಹೊಸದಲ್ಲ, ಮನೆಯಲ್ಲಿ ಒಂದು ವಾರದ್ದು ಜಾಸ್ತಿ ಇರಲಿ.

ಕೊನೆಗೆ, ಕೆಮ್ಮು ಬಂದರೆ ಸುಮ್ನೆ ಸಿರಪ್ ತಗೊಂಡು ಹೋಗಬೇಡಿ. ಒಣಕೆಮ್ಮಿನ ಬಹಳಷ್ಟು ಸಿರಪ್‌ಗಳಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇರುತ್ತದೆ. ಅದು ಈ ಮಾತ್ರೆ ಜೊತೆ ಸೇರಿದರೆ ದೇಹದಲ್ಲಿ ಸೆರೊಟೊನಿನ್ ಅನ್ನುವ ರಾಸಾಯನಿಕ ಮಿತಿ ಮೀರಬಹುದು. ನಡುಕ, ವಿಪರೀತ ಬೆವರು, ಜ್ವರ, ಮೈ ಬಿಗಿತ, ಗೊಂದಲ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವಿನ ಟ್ರಮಡಾಲ್, ಲಿನೆಜೊಲಿಡ್ ಅನ್ನುವ ಆಂಟಿಬಯೋಟಿಕ್ ಕೂಡ ಹಾಗೇ. ಐಬುಪ್ರೊಫೆನ್ ಜೊತೆ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು. ಮಕ್ಕಳ ಡಾಕ್ಟರ್, ಹಲ್ಲಿನ ಡಾಕ್ಟರ್, ಆಯುರ್ವೇದದವರು, ಯಾರ ಹತ್ತಿರ ಹೋದರೂ ಈ ಮಾತ್ರೆ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಮುಚ್ಚಿಡುವವರೇ ಜಾಸ್ತಿ.

ಮಾತ್ರೆ ಬೀಗ ಹಾಕುವ ಕಪಾಟಿನಲ್ಲಿ ಇರಲಿ. ಮಗನ ಕೈಗೆ ಸ್ಟ್ರಿಪ್ ಕೊಡಬೇಡಿ, ಒಂದು ಮಾತ್ರೆ ಕೊಡಿ.

ಡೊಂಬಿವ್ಲಿ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವರಿಗೆ ಕೊತ್ರೂಡ್ ಅಣ್ಣ ಬರೆದದ್ದನ್ನು ಓದಿಸಿದೆ. 8ರಿಂದ 12 ವಾರ ಅನ್ನುವುದು ಓದಿ, ಏನೂ ಮಾತಾಡದೆ ಹೋಗಿ ಮಾತ್ರೆ ತಂದರು. ಬೆಳಗ್ಗೆ ತಿಂಡಿ ಆದ ಮೇಲೆ ಕೊಡುತ್ತಿದ್ದೇನೆ. ಕೊಡುವುದು ನಾನೊಬ್ಬಳೇ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ. ಇಬ್ಬರೂ ಕೊಟ್ಟುಬಿಟ್ಟರೆ ಅಂತ ಹೆದರಿಕೆ. ಒಂದು ದಿನ ತಪ್ಪಿದರೆ ಏನು ಮಾಡುವುದು?

ಇನ್ನೊಂದು. ನಮ್ಮ ಸೊಸೈಟಿಯಲ್ಲಿ ನೀರು ಬರುವುದು ಗೊತ್ತಾದ ಹೊತ್ತಿಗೆ ಮಾತ್ರ, ಮಗ ಡ್ರಮ್ ಅರ್ಧ ಖಾಲಿ ಮಾಡುತ್ತಾನೆ. ಬಾತ್‌ರೂಮಿನ ವಾಲ್ವ್ ಬಂದ್ ಮಾಡಿಟ್ಟರೆ ಹೇಗೆ ಅಂತ ಇವರು ಕೇಳುತ್ತಿದ್ದಾರೆ. ಅದೂ ತೊಳೆಯದಂತೆ ತಡೆದ ಹಾಗೇ ಅಲ್ವಾ?

ಮುಲುಂಡ್ ಮೆಡಿಕಲ್

ಅದೇ ದಿನ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ಕೊಡಬೇಡಿ.

ಕೊತ್ರೂಡ್ ಅಪ್ಪ

ವಾಲ್ವ್ ಬಂದ್ ಮಾಡಬೇಡ್ರಿ. ನೋಡಲು ಒಂದೇ ಥರ ಕಂಡರೂ ಎರಡೂ ಬೇರೆ. ಥೆರಪಿಯಲ್ಲಿ ತೊಳೆಯದೆ ಇರುವುದು ಮಗುವಿನ ತೀರ್ಮಾನ. ಅವನಿಗೆ ಗೊತ್ತಿದ್ದು, ಒಪ್ಪಿ, ಸುಲಭದಿಂದ ಶುರು ಮಾಡುತ್ತಾನೆ. ನೀರು ನಿಲ್ಲಿಸಿದರೆ ಅವನು ಕಲಿಯುವುದು ಏನೂ ಇಲ್ಲ. ಸ್ಯಾನಿಟೈಸರ್ ಹುಡುಕುತ್ತಾನೆ, ಪೇಪರ್‌ನಲ್ಲಿ ಉಜ್ಜುತ್ತಾನೆ, ಅಪ್ಪನನ್ನು ನಂಬುವುದು ಬಿಡುತ್ತಾನೆ.

ನಮ್ಮಲ್ಲಿ ಮಗನೇ ಪಟ್ಟಿ ಬರೆದ. ಯಾವುದಕ್ಕೆ ಎಷ್ಟು ಭಯ ಅಂತ ಹತ್ತರಲ್ಲಿ ಅಂಕ ಹಾಕಿದ. ಲಿಫ್ಟ್ ಗುಂಡಿಗೆ ಮೂರು, ಬಸ್ಸಿನ ಸೀಟಿಗೆ ಐದು, ಸ್ವಾರ್‌ಗೇಟ್ ಸ್ಟ್ಯಾಂಡಿನ ಕಂಬಿಗೆ ಒಂಬತ್ತು. ಗುಂಡಿ ಒತ್ತಿ, ಹತ್ತು ನಿಮಿಷ ತೊಳೆಯದೆ ಇರುವುದರಿಂದ ಶುರು. ಕಂಬಿಗೆ ಬರುವಷ್ಟರಲ್ಲಿ ಡೋಸ್ ಕೂಡ ಸರಿಯಾದ ಮಟ್ಟಕ್ಕೆ ಬಂದಿತ್ತು. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. 7ರಿಂದ 17 ವರ್ಷದ 112 ಮಕ್ಕಳು, 12 ವಾರ. ಸರ್ಟ್ರಾಲಿನ್ ಮತ್ತು ಥೆರಪಿ ಎರಡೂ ಸಿಕ್ಕ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗೀಳು ಬಹುತೇಕ ಹೋಗಿತ್ತು. ಬರೀ ಥೆರಪಿಯಲ್ಲಿ ನೂರಕ್ಕೆ 39 ಮಂದಿಗೆ, ಬರೀ ಮಾತ್ರೆಯಲ್ಲಿ 21 ಮಂದಿಗೆ. ಮಾತ್ರೆ ತಂದದ್ದು ಒಳ್ಳೇದು. ಥೆರಪಿ ವಾರ ಮಾತ್ರ ತಪ್ಪಿಸಬೇಡಿ.

ಠಾಣೆ ಕನ್ನಡಿಗ

ನಡುವೆ ಬಂದೆ. ಇನ್ಶೂರೆನ್ಸ್ ಸಿಗುತ್ತದಾ ಇದಕ್ಕೆ? ಪ್ರೈವೇಟ್‌ನಲ್ಲಿ ಪ್ರತಿ ಭೇಟಿಗೂ ದುಡ್ಡು ಹೋಗುತ್ತಿದೆ.

ಮಾತುಂಗ ಹುಡುಗಿ

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ಇನ್ಶೂರೆನ್ಸ್ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ಗೀಳಿಗೆ ಖರ್ಚು ಬರುವುದು ಒಪಿಡಿ ಮತ್ತು ಥೆರಪಿಯಲ್ಲಿ. ನಿಮ್ಮ ಪಾಲಿಸಿಯಲ್ಲಿ ಒಪಿಡಿ ಇದೆಯಾ ನೋಡಿ. ಇಲ್ಲದಿದ್ದರೆ ಪರೇಲ್‌ನ ಕೆಇಎಂ, ಸಯನ್, ನಾಯರ್, ಜೆಜೆ, ಎಲ್ಲ ಕಡೆ ಮನೋರೋಗ ವಿಭಾಗ ಇದೆ, ಖರ್ಚು ಬಹಳ ಕಡಿಮೆ. ಪುಣೆಯಲ್ಲಿ ಸಸೂನ್. ಕ್ಯೂ ಇರುತ್ತದೆ, ಬೆಳಗ್ಗೆ ಬೇಗ ಹೋಗಬೇಕು.

ಮಡ್ಗಾಂವ್ ಟೀಚರ್

ಶಾಲೆಯ ವಿಷಯ ಯಾರೂ ಎತ್ತಲಿಲ್ಲ. ಮಗು ಪದೇ ಪದೇ ಟಾಯ್ಲೆಟ್‌ಗೆ ಹೋಗುತ್ತದೆ, ಉತ್ತರ ಗೊತ್ತಿದ್ದೂ ಪೇಪರ್ ಮುಗಿಸುವುದಿಲ್ಲ, ರಬ್ಬರ್ ಹಾಕಿ ಪುಟ ಹರಿದಿರುತ್ತದೆ. ಟೀಚರಿಗೆ ಇದು ಸೋಮಾರಿತನ ಅಥವಾ ನಾಟಕ ಅನಿಸುತ್ತದೆ. ಹಾಗಾಗಿ ಕ್ಲಾಸ್ ಟೀಚರಿಗೆ ಒಬ್ಬರಿಗಾದರೂ ಹೇಳಿ. ಮಾತ್ರೆಯ ಹೆಸರೆಲ್ಲ ಬೇಡ. ಡಾಕ್ಟರ್ ಹತ್ತಿರ ಎರಡು ಸಾಲಿನ ಪತ್ರ ತಗೊಳ್ಳಿ. ಅಳಿಸಿ ಬರೆಯುವುದಕ್ಕೆ ಅಂಕ ಕಡಿಯಬೇಡಿ, ಹೊಸ ಮಾತ್ರೆ ಶುರುವಾದ ದಿನಗಳಲ್ಲಿ ಹೊಟ್ಟೆನೋವು ಅಂದರೆ ನಂಬಿ, ಇಷ್ಟು ಕೇಳಿದರೆ ಸಾಕು. ಮಕ್ಕಳ ಎದುರಿಗೆ ಹೇಳಬೇಡಿ ಅಂತ ಟೀಚರಿಗೆ ಗಟ್ಟಿಯಾಗಿ ಹೇಳಿ. ಸ್ಟಾಫ್ ರೂಮಿನಲ್ಲಿ ಮಾತು ನಿಲ್ಲುವುದಿಲ್ಲ, ನಾನೂ ಅಲ್ಲೇ ಕೂರುವವಳು.

ನಿರ್ವಾಹಕರು

ಒಬ್ಬರು ತಮ್ಮ ಮಗಳ ಡೋಸ್ ಎಷ್ಟು ಏರಿಸಬಹುದು ಅಂತ ಇಲ್ಲಿ ಕೇಳಿದ್ದರು, ಆ ಪ್ರಶ್ನೆ ತೆಗೆದಿದ್ದೇವೆ. ಅದು ಡಾಕ್ಟರ್ ಹೇಳಬೇಕಾದದ್ದು. ರಾತ್ರಿ ಹೊತ್ತು ಗಾಬರಿಯಾದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ ಅದು. ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ ಚರ್ಚೆಗೆ ಕೂರಬೇಡಿ, ಒಂಟಿಯಾಗಿ ಬಿಡಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಡೊಂಬಿವ್ಲಿ ಅಮ್ಮ

ಸ್ವಲ್ಪ ದಿನದ ಮೇಲೆ ಬರೆಯುತ್ತಿದ್ದೇನೆ. 50ಕ್ಕೆ ಏರಿಸಿದ ವಾರ ಮಗ ಒಂದು ಕಡೆ ಕೂರುತ್ತಲೇ ಇರಲಿಲ್ಲ. ಸೋಫಾದಿಂದ ಸೋಫಾಕ್ಕೆ ಜಿಗಿತ, ಮಾತು ಜಾಸ್ತಿ, ರಾತ್ರಿ ಒಂದು ಗಂಟೆಗೂ ನಿದ್ದೆ ಇಲ್ಲ, ತಂಗಿಯ ಜೊತೆ ಜಗಳ. ಡಾಕ್ಟರಿಗೆ ಫೋನ್ ಮಾಡಿದೆ. ಇದು ಈ ಮಾತ್ರೆಯಲ್ಲಿ ಕೆಲವು ಮಕ್ಕಳಿಗೆ ಆಗುತ್ತದೆ, ಹೇಳಿದ್ದು ಒಳ್ಳೇದಾಯಿತು ಅಂದರು. ಸದ್ಯಕ್ಕೆ ಡೋಸ್ ಇಳಿಸಿದ್ದಾರೆ, ಇನ್ನೂ ನಿಧಾನಕ್ಕೆ ಏರಿಸೋಣ ಅಂದರು. ಸಾಯುವ ಮಾತು, ತನಗೆ ತಾನೇ ನೋವು ಮಾಡಿಕೊಳ್ಳುವುದು ಏನಾದರೂ ಇದೆಯಾ ಅಂತ ನೇರವಾಗಿ ಅವನನ್ನೇ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ ಅಂದರು. ಕೇಳಿದೆ. "ಇಲ್ಲ ಅಮ್ಮಾ, ಕಾಲು ಸುಮ್ನೆ ಕೂರಲ್ಲ ಅಂತದೆ ಅಷ್ಟೇ" ಅಂದ.

ಅತ್ತೆಯ ವಿಷಯ ಹೇಳಬೇಕು. ಅವರು ಅವನು ತೊಳೆಯುವುದನ್ನು ಮಡಿ ಅಂತಲೇ ತಿಳಿದಿದ್ದರು, ಒಳ್ಳೆ ಸಂಸ್ಕಾರ ಅಂತ ನೆಂಟರ ಹತ್ತಿರ ಹೇಳುತ್ತಿದ್ದರು. ಥೆರಪಿಸ್ಟ್ ಅವರನ್ನೂ ಕರೆದುಕೊಂಡು ಬನ್ನಿ ಅಂದರು. ಅವರದ್ದು ಮರಾಠಿ, ಅತ್ತೆಯದ್ದು ಕುಂದಾಪ್ರ ಕನ್ನಡ, ನಡುವೆ ನಾನು. "ನಿಮ್ಮ ಮಡಿ ಯಾವಾಗ ಮುಗಿಯುತ್ತದೆ ಅಜ್ಜಿ?" ಅಂತ ಕೇಳಿದರು. ನೈವೇದ್ಯ ಆದರೆ ಮುಗಿಯಿತು, ಊಟ ಮಾಡಿ ಮಲಗುತ್ತೇನೆ ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ "ಇವನದ್ದು ಮುಗಿಯುವುದೇ ಇಲ್ಲ ಅಲ್ದಾ" ಅಂದರು. ಮಾತ್ರೆ ಬಗ್ಗೆ ಅವರಿಗೆ ಇನ್ನೂ ಸಮಾಧಾನ ಇಲ್ಲ. ಆದರೆ ಅವನು ಅಜ್ಜಿಯ ಹತ್ತಿರ ಹೋಗಿ "ಏನೂ ಆಗಲ್ಲ ಅಲ್ವಾ" ಅಂದರೆ "ನನ್ನನ್ನು ಕೇಳಬೇಡ, ಮೇಡಂ ಬೈತಾರೆ" ಅನ್ನುತ್ತಾರೆ. ಥೆರಪಿಸ್ಟ್ ಹೇಳಿಕೊಟ್ಟ ಮಾತು ಅದಲ್ಲ, ಆದರೂ ನಡೆಯುತ್ತದೆ.

ಗೀಳು ಕಡಿಮೆಯಾಗಿದೆಯಾ ಅಂದರೆ, ಇನ್ನೂ ಇಲ್ಲ. ಇವರು ಬಾಗಿಲಲ್ಲಿ ಬಟ್ಟೆ ಬದಲಿಸುವುದು ಮಾತ್ರ ನಿಂತಿದೆ, ಮಗನೇ ಪಟ್ಟಿಯಲ್ಲಿ ಅದನ್ನು ಮೊದಲು ಹಾಕಿದ. ಮೇ ತಿಂಗಳಲ್ಲಿ ಊರಿಗೆ ಹೋಗುವುದಿದೆ, ಮಾತ್ರೆ ಅಲ್ಲಿ ಸಿಗುತ್ತದಾ?

ಮುಲುಂಡ್ ಮೆಡಿಕಲ್

ಕುಂದಾಪುರ ಪೇಟೆಯಲ್ಲಿ ಸಿಗಬಹುದು, ಹಳ್ಳಿಯ ಅಂಗಡಿಯನ್ನು ನಂಬಬೇಡಿ. ಹೋಗಿ ಬರುವ ಅಷ್ಟೂ ದಿನದ್ದು, ಮೇಲೆ ಒಂದು ವಾರದ್ದು ಇಲ್ಲಿಂದಲೇ ತಗೊಂಡು ಹೋಗಿ. ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿ ಇರಲಿ, ಚೀಟಿಯ ಫೋಟೋ ಮೊಬೈಲಿನಲ್ಲಿ. ಬಿಸಿಲಿಗೆ ಬಿಡಬೇಡಿ.

ಕಾಂದಿವ್ಲಿ ಮಾಮ

ಊರಿಗೆ ಹೋಗುತ್ತಿದ್ದೀರಲ್ಲ, ಅದು ಸಾಕು ನನಗೆ. ಮಾತ್ರೆ ಕೊಡುತ್ತಲೇ ಕೆರೆಯಲ್ಲಿ ಈಜು ಕಲಿಸಿ.

ವಾಸ್ಕೊ ಅಪ್ಪ

ನಾವು ಬಾಗಲಕೋಟೆಯವರು, ವಾಸ್ಕೊದಲ್ಲಿ ಕೆಲಸ. ಮಗಳಿಗೆ ಎಂಟು ವರ್ಷ. ಎಲ್ಲವನ್ನೂ ಎಣಿಸುತ್ತಾಳೆ, ಮೆಟ್ಟಿಲು ತಪ್ಪಿದರೆ ಕೆಳಗೆ ಹೋಗಿ ಮತ್ತೆ ಹತ್ತುತ್ತಾಳೆ. ಇದನ್ನೆಲ್ಲ ಓದಿದ ಮೇಲೆ ತೋರಿಸಬೇಕು ಅನಿಸಿತು. ಗೋವಾದಲ್ಲಿ ಎಲ್ಲಿ ಹೋಗಲಿ? ನನಗೆ ಕೊಂಕಣಿ ಅಷ್ಟಕ್ಕಷ್ಟೇ.

ಮಡ್ಗಾಂವ್ ಟೀಚರ್

ಅಣ್ಣಾ, ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜಿನ ಹತ್ತಿರವೇ ಐಪಿಎಚ್‌ಬಿ ಅಂತ ಸರ್ಕಾರಿ ಮನೋರೋಗ ಆಸ್ಪತ್ರೆ ಇದೆ. ಬೋರ್ಡ್ ನೋಡಿ ಹೆದರಬೇಡಿ, ಒಪಿಡಿಗೆ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಹಿಂದಿಯಲ್ಲಿ ಮಾತಾಡಿದರೆ ನಡೆಯುತ್ತದೆ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ತಡೆದರೆ ಏನು ಮಾಡುತ್ತಾಳೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ, ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಇದೆಯಾ. ಗಂಟಲು ನೋವು ಜ್ವರ ಬಂದು ಹೋದ ಮೇಲೆ ಒಮ್ಮೆಲೇ ಶುರುವಾಗಿದ್ದರೆ ಅದನ್ನು ಮರೆಯದೆ ಹೇಳಿ. ಮೆಟ್ಟಿಲು ಹತ್ತುವ ವಿಡಿಯೋ ಮಾತ್ರ ಅವಳಿಗೆ ಗೊತ್ತಿಲ್ಲದೆ ತೆಗೆಯಬೇಡಿ.

ವಾಸ್ಕೊ ಅಪ್ಪ

ಸರಿ ಮೇಡಂ. ಸೋಮವಾರ ರಜೆ ಹಾಕಿದ್ದೇನೆ. ಅವಳ ಅಮ್ಮನೂ ಬರುತ್ತಾಳೆ.